ಹಸುವಿನ ಹಾಲಿಗೆ ಕಲ್ಚರ್ ಟೆಸ್ಟ್: ಮಾಡಿಸಿ, ಆದರೆ ರಿಪೋರ್ಟನ್ನ ಒಬ್ಬರೇ ಕೂತು ಓದಬೇಡಿ

ನಮ್ಮ ಜಿಲ್ಲಾ ಕೇಂದ್ರದ ಒಂದು ಖಾಸಗಿ ಲ್ಯಾಬಿನಲ್ಲಿ ಕೆಚ್ಚಲು ಬಾವಿನ ಹಾಲಿಗೆ ಕಲ್ಚರ್ ಟೆಸ್ಟ್ ಮಾಡಿಕೊಡುತ್ತಾರೆ. ಹಾಲಲ್ಲಿ ಯಾವ ಬ್ಯಾಕ್ಟೀರಿಯಾ ಸೇರಿಕೊಂಡಿದೆ, ಅದಕ್ಕೆ ಯಾವ ಆಂಟಿಬಯಾಟಿಕ್ ತಾಗುತ್ತೆ, ಯಾವುದು ತಾಗಲ್ಲ ಅಂತ ನೋಡಿ ಒಂದು ಹಾಳೆಯಲ್ಲಿ ಬರೆದುಕೊಡುವ ಸೇವೆ. ಡಾಕ್ಟ್ರುಗಳು ಇದಕ್ಕೆ ಎಬಿಎಸ್‌ಟಿ ಅಂತಾರೆ. ಸ್ಯಾಂಪಲ್ ಒಂದಕ್ಕೆ ಐನೂರು ರೂಪಾಯಿ ಒಳಗೇ ಆಗುತ್ತೆ. ಲ್ಯಾಬಿನ ಹೆಸರು ಬರೆಯಲ್ಲ, ಯಾಕಂದ್ರೆ ಕೆಳಗೆ ಸ್ವಲ್ಪ ಬೈದಿರೋದೂ ಇದೆ, ಮತ್ತು ಬೈಯುವ ವಿಷಯ ಅವರೊಬ್ಬರದ್ದೇ ಅಲ್ಲ ಅಂತ ನಮ್ಮ ಡಾಕ್ಟ್ರೇ ಹೇಳಿದ್ದಾರೆ.

ನಮ್ಮದು ಚನ್ನರಾಯಪಟ್ಟಣದ ಕಡೆ. ಕರೆಯೋ ಹಸು ನಾಲ್ಕು, ಎಲ್ಲಾ ಎಚ್‌ಎಫ್ ಕ್ರಾಸು. ಎರಡು ಹೊತ್ತು ಡೈರಿಗೆ ಹಾಲು ಹಾಕಿ ಅದರಲ್ಲೇ ಮನೆ ನಡೀಬೇಕು. ಇಂಥ ಮನೆಯವರಿಗೆ ಕೆಚ್ಚಲು ಬಾವು ಅಂದ್ರೆ ಏನು ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ. ಬೆಳಿಗ್ಗೆ ಕರೆಯೋಕೆ ಕೂತಾಗ ಮೊದಲ ಧಾರೆಯಲ್ಲೇ ಚೂರು ಚೂರು ಬರುತ್ತೆ, ಒಂದು ಮೊಲೆ ಬಿಸಿ, ಮುಟ್ಟಿದರೆ ಒದೆಯುತ್ತೆ. ಆಮೇಲೆ ಶುರು. ಮೊದಲು ಪಕ್ಕದ ಮನೆಯವರು ಹೇಳಿದ ಇಂಜೆಕ್ಷನ್ನು, ಅದಕ್ಕೆ ಇಳೀಲಿಲ್ಲ ಅಂದ್ರೆ ಮೆಡಿಕಲ್ ಸ್ಟೋರಿನವನು ಕೊಟ್ಟ "ಜೋರಿಂದು", ಅದಕ್ಕೂ ಇಳೀಲಿಲ್ಲ ಅಂದ್ರೆ ಡಾಕ್ಟ್ರಿಗೆ ಫೋನು. ನಮ್ಮೂರಲ್ಲಿ ಈಗ ಸೆಫ್ಟ್ರಿಯಾಕ್ಸೋನ್ ಅನ್ನೋ ಆಂಟಿಬಯಾಟಿಕ್ಕಿನ ಹೆಸರು ಹಿಂಡಿ ಬೂಸಾದಷ್ಟೇ ಬಳಕೆಗೆ ಬಂದಿದೆ. ಅಕ್ಷರ ಬರದ ನಮ್ಮತ್ತೆಯೂ ಡಬ್ಬಿ ನೋಡಿ ಗುರುತು ಹಿಡೀತಾರೆ. ಟೈಫಾಯ್ಡ್ ಬಂದು ಆಸ್ಪತ್ರೆ ಸೇರಿದ ಮನುಷ್ಯರಿಗೆ ನರಕ್ಕೆ ಕೊಡೋದೂ ಅದೇ ಔಷಧಿ.

ನಮ್ಮ ಗೌರಿಗೆ ಹಿಂದಿನ ಬಲ ಮೊಲೆಗೆ ಬಾವು ಬಂದು ಹೋಗಿ, ಬಂದು ಹೋಗಿ ಆಗ್ತಿತ್ತು. ಕೋರ್ಸು ಮುಗಿದಾಗ ಹಾಲು ಚೆನ್ನಾಗಿರೋದು, ಎರಡು ವಾರಕ್ಕೆ ಮತ್ತೆ ಚೂರು. ಆಗ ನಮ್ಮ ಪಶು ಆಸ್ಪತ್ರೆಯ ಡಾಕ್ಟ್ರು, "ಇನ್ನೊಂದು ಸೂಜಿ ಹಾಕೋಕೆ ಮುಂಚೆ ಹಾಲು ಕಳಿಸಿ ನೋಡೋಣ ಕಣಮ್ಮ. ಕತ್ತಲಲ್ಲಿ ಕಲ್ಲು ಹೊಡೆಯೋದು ಸಾಕು" ಅಂದ್ರು. ಈ ಸೇವೆ ನನಗೆ ಗೊತ್ತಾಗಿದ್ದು ಹಾಗೆ.

ಮೊದಲು ಸ್ಯಾಂಪಲ್ ತೆಗೆಯೋ ವಿಷಯ. ಈ ಟೆಸ್ಟಿನ ಅರ್ಧ ಯೋಗ್ಯತೆ ಇಲ್ಲೇ ತೀರ್ಮಾನ ಆಗುತ್ತೆ. ಲ್ಯಾಬಿನವರು ಕೊಡೋದು ಬೆರಳುದ್ದದ ಒಂದು ಸ್ಟೆರೈಲ್ ಬಾಟಲಿ, ಒಂದು ಫಾರಂ, ಇಂಗ್ಲಿಷಲ್ಲಿ ಅಚ್ಚು ಹಾಕಿದ ಒಂದು ಚೀಟಿ. ಚೀಟಿ ಓದಿಕೊಂಡು ಕೆಲಸ ಮಾಡೋಕೆ ನಮ್ಮ ಕಡೆ ಯಾರಿಗೂ ಆಗಲ್ಲ. ಡಾಕ್ಟ್ರೇ ಕೊಟ್ಟಿಗೆಗೆ ಬಂದು ತೋರಿಸಿಕೊಟ್ಟರು, ಅದನ್ನ ಇಲ್ಲಿ ಬರೀತೀನಿ, ಬೇಕಾದವರು ಬರೆದಿಟ್ಟುಕೊಳ್ಳಿ. ಕೆಚ್ಚಲು ತೊಳೆದರೆ ಪೂರ್ತಿ ಒರೆಸಿ ಒಣಗಿಸಬೇಕು, ನೀರು ತೊಟ್ಟಿಕ್ಕುತ್ತಿದ್ದರೆ ಆ ನೀರಿನ ಬ್ಯಾಕ್ಟೀರಿಯಾನೇ ಬಾಟಲಿಗೆ ಇಳಿಯುತ್ತೆ. ಮೊಲೆಯ ತುದಿಯನ್ನ 70 ಪರ್ಸೆಂಟ್ ಸ್ಪಿರಿಟ್ಟಿನ ಹತ್ತಿಯಲ್ಲಿ ಒರೆಸಬೇಕು, ಹತ್ತಿಗೆ ಕೊಳೆ ಅಂಟದೇ ಇರೋವರೆಗೆ. ನಾಲ್ಕೂ ಮೊಲೆಯಿಂದ ತೆಗೆಯೋದಾದರೆ ಒರೆಸುವಾಗ ಆಚೆ ಬದಿಯ ಮೊಲೆ ಮೊದಲು, ಹಾಲು ಹಿಡಿಯುವಾಗ ನಮ್ಮ ಕಡೆಯ ಮೊಲೆ ಮೊದಲು. ಇಲ್ಲಾಂದ್ರೆ ಒರೆಸಿದ ಮೊಲೆಗೆ ನಮ್ಮ ತೋಳೇ ತಗುಲಿ ಮತ್ತೆ ಕೊಳೆ ಆಗುತ್ತೆ. ಮೊದಲ ಮೂರು ನಾಲ್ಕು ಧಾರೆ ಬೇರೆ ಪಾತ್ರೆಗೆ ಹಿಂಡಿ ಬಿಡಬೇಕು. ಬಾಟಲಿಯನ್ನ ನೆಟ್ಟಗೆ ಹಿಡೀಬಾರದು, ಅಡ್ಡಕ್ಕೆ ಓರೆ ಹಿಡೀಬೇಕು, ಹಸು ಬಾಲ ಬೀಸಿದಾಗ ಮೇಲಿಂದ ಉದುರೋ ಕೂದಲು ಧೂಳು ಒಳಗೆ ಬೀಳದ ಹಾಗೆ. ಮುಚ್ಚಳವನ್ನ ನೆಲಕ್ಕಿಡದೆ ಬೆರಳ ಸಂದಿಯಲ್ಲೇ, ಒಳಬದಿ ಕೆಳಗೆ ಮಾಡಿ ಹಿಡಿದಿರಬೇಕು. ಒಂದು ಕೈಯಲ್ಲಿ ಇದೆಲ್ಲ, ಇನ್ನೊಂದು ಕೈಯಲ್ಲಿ ಹಾಲು, ಹಸು ಒದೀತಿರುತ್ತೆ. ಐದು ಹತ್ತು ಎಂಎಲ್ ಸಾಕು. ತಕ್ಷಣ ಐಸಿನ ಡಬ್ಬಿಗೆ.

ಇನ್ನೊಂದು ವಿಷಯ, ಆಂಟಿಬಯಾಟಿಕ್ ಹಾಕೋಕೆ ಮುಂಚೆಯೇ ಹಾಲು ತೆಗೀಬೇಕು. ಒಂದು ಡೋಸ್ ಬಿದ್ದ ಮೇಲೆ ತೆಗೆದರೆ ಲ್ಯಾಬಲ್ಲಿ ಏನೂ ಬೆಳೆಯದೇ ಹೋಗಬಹುದು, ಕಾಯಿಲೆ ಮಾತ್ರ ಇದ್ದ ಹಾಗೇ ಇರುತ್ತೆ.

ಬಾಟಲಿ, ಐಸ್ ಡಬ್ಬಿ, ಪಡೆದುಕೊಳ್ಳುವ ವ್ಯವಸ್ಥೆ ಇವಕ್ಕೆ ನಾನು ಒಳ್ಳೆ ಮಾರ್ಕ್ಸೇ ಕೊಡ್ತೀನಿ. ಬಸ್ಸಲ್ಲಿ ಕಳಿಸಿದ್ರೂ ಸ್ಟ್ಯಾಂಡಿಗೆ ಹುಡುಗ ಬಂದು ಇಸ್ಕೊಂಡು ಹೋಗ್ತಾನೆ. ಇಂಗ್ಲಿಷ್ ಚೀಟಿಗೆ ಸೊನ್ನೆ.

ಗೌರಿಯ ಸ್ಯಾಂಪಲ್ಲನ್ನ ನಾನೇ ತಗೊಂಡು ಹೋಗಿದ್ದೆ. ರಿಪೋರ್ಟ್ ತರೋಕೆ ಮತ್ತೆ ಹೋದಾಗ ಅಲ್ಲಿ ಕೆಲಸ ಮಾಡೋ ಹುಡುಗಿ, "ಆಂಟಿ, ನಿಮ್ಮ ಹಸುವಿನ ಪ್ಲೇಟ್ ಇನ್ನೂ ಎಸೆದಿಲ್ಲ, ನೋಡ್ತೀರಾ?" ಅಂದಳು. "ತೋರ್ಸವ್ವ" ಅಂದೆ. ಇಡೀ ಸೇವೆಯಲ್ಲಿ ನನಗೆ ಅತಿ ಹೆಚ್ಚು ಬೆಲೆ ಬಾಳಿದ್ದು ಆ ಹತ್ತು ನಿಮಿಷ, ಅದಕ್ಕೆ ಅವರು ದುಡ್ಡೂ ತಗೊಳ್ಳಲಿಲ್ಲ.

ಅಂಗೈ ಅಗಲದ ಪ್ಲಾಸ್ಟಿಕ್ ತಟ್ಟೆ. ತಳದಲ್ಲಿ ತೆಳು ಗೋಧಿ ಬಣ್ಣದ ಗಟ್ಟಿ ಪದಾರ್ಥ, ಮುಲ್ಲರ್ ಹಿಂಟನ್ ಅಗಾರ್ ಅಂತೆ. ಅದರ ಮೇಲೆ ಹಾಲಿನಿಂದ ಬೇರ್ಪಡಿಸಿದ ಬ್ಯಾಕ್ಟೀರಿಯಾ ಹರಡಿ, ಮೇಲೆ ಪುಟ್ಟ ಪುಟ್ಟ ಕಾಗದದ ಬಿಲ್ಲೆ ಇಟ್ಟು, 35 ಡಿಗ್ರಿ ಆಸುಪಾಸಿನ ಬಿಸಿಯಲ್ಲಿ ಒಂದು ರಾತ್ರಿ ಬಿಟ್ಟಿರ್ತಾರೆ. ಒಂದೊಂದು ಬಿಲ್ಲೆಯಲ್ಲೂ ಒಂದೊಂದು ಔಷಧಿ, ಅದರ ಹೆಸರಿನ ಎರಡು ಮೂರು ಅಕ್ಷರ ಬಿಲ್ಲೆಯ ಮೇಲೇ ಅಚ್ಚಾಗಿರುತ್ತೆ. ಔಷಧಿ ತಾಗಿದರೆ ಬಿಲ್ಲೆಯ ಸುತ್ತ ಬ್ಯಾಕ್ಟೀರಿಯಾ ಬೆಳೆಯದೆ ದುಂಡಗೆ ಬಯಲು ಉಳಿಯುತ್ತೆ. ತಾಗದಿದ್ದರೆ ಬ್ಯಾಕ್ಟೀರಿಯಾ ಬಿಲ್ಲೆಯ ಅಂಚಿನವರೆಗೂ ಬಂದು ಕೂತಿರುತ್ತೆ. ಆ ಬಯಲಿನ ಅಗಲವನ್ನ ಸ್ಕೇಲಿಟ್ಟು ಮಿಲಿಮೀಟರಲ್ಲಿ ಅಳೆದು ಪಟ್ಟಿಗೆ ಹೋಲಿಸ್ತಾರೆ. ತಾಗುತ್ತೆ ಅಂದ್ರೆ ಎಸ್, ತಾಗಲ್ಲ ಅಂದ್ರೆ ಆರ್, ನಡುವಿನದು ಐ. ಈ ವಿಧಾನ 1966ರಲ್ಲಿ ಬಂದ ಕಿರ್ಬಿ-ಬಾವರ್ ಪದ್ಧತಿ, ಮನುಷ್ಯರ ಆಸ್ಪತ್ರೆಯಲ್ಲೂ ಇದನ್ನೇ ಮಾಡೋದು ಅಂತ ಹುಡುಗಿ ಹೇಳಿದಳು.

ಗೌರಿಯ ತಟ್ಟೆಯಲ್ಲಿ ಪೆನ್ಸಿಲಿನ್ ಬಿಲ್ಲೆಯ ಸುತ್ತ ಏನೂ ಬಯಲಿಲ್ಲ. ಆಂಪಿಸಿಲಿನ್ನಿಗೂ ಇಲ್ಲ. ಟೆಟ್ರಾಸೈಕ್ಲಿನ್ ಬಿಲ್ಲೆಯ ಮೇಲೆ ಹತ್ತೋದೊಂದು ಬಾಕಿ. ಎನ್ರೋಫ್ಲಾಕ್ಸಸಿನ್ನಿಗೆ ಒಂದಿಷ್ಟು, ಅದು ಐ. ಜೆಂಟಾಮೈಸಿನ್ನಿಗೆ ಚೆನ್ನಾಗಿ ಬಯಲಿತ್ತು, ಸೆಫಾಕ್ಸಿಟಿನ್ ಅನ್ನೋದಕ್ಕೂ. ಬ್ಯಾಕ್ಟೀರಿಯಾ ಸ್ಟ್ಯಾಫಿಲೋಕಾಕಸ್ ಆರಿಯಸ್. ಮೊದಲ ಮೂರೂ ಔಷಧಿ ಹಿಂದಿನ ಸೂಲಿನಿಂದ ಗೌರಿಯ ಮೈಗೆ ಒಂದಾದ ಮೇಲೊಂದು ಹೋಗಿದ್ದವೇ. ಬರೀ ಕಿವಿಯಲ್ಲಿ "ರೆಸಿಸ್ಟೆನ್ಸ್ ಬಂದಿದೆ", ಅಂದ್ರೆ ಬ್ಯಾಕ್ಟೀರಿಯಾ ಔಷಧಿಗೆ ಬಗ್ಗಲ್ಲ, ಅಂತ ಕೇಳೋದು ಬೇರೆ, ಖರ್ಚು ಮಾಡಿ ತಂದು ಚುಚ್ಚಿದ ಔಷಧಿಯ ಬಿಲ್ಲೆಗೆ ಒತ್ತಿಕೊಂಡು ಅದು ಬೆಳೆದಿರೋದನ್ನ ಕಣ್ಣಲ್ಲಿ ನೋಡೋದು ಬೇರೆ. ಲ್ಯಾಬಿನವರು ಫೋನಲ್ಲಿ ಒಂದು ಫೋಟೋ ತೆಗೆದು ವಾಟ್ಸಾಪಿಗೆ ಹಾಕಿದರೂ ಸಾಕು, ಎಲ್ಲಾ ರೈತರಿಗೂ ಇದನ್ನ ತೋರಿಸಬೇಕು. ಮಾಡಲ್ಲ.

ಈಗ ರಿಪೋರ್ಟಿನ ವಿಷಯ. ನನ್ನ ದೊಡ್ಡ ತಕರಾರು ಇಲ್ಲೇ ಇರೋದು. ಹಾಳೆಯಲ್ಲಿ ಹದಿನೈದು ಔಷಧಿಯ ಹೆಸರು, ಎದುರಿಗೆ ಎಸ್, ಐ, ಆರ್. ಅಷ್ಟೇ. ಯಾವುದು ಹಸುವಿಗೆ ಕೊಡೋದು, ಯಾವುದು ಕೊಡಬಾರದು, ಯಾವುದು ಕೊಟ್ಟರೆ ಎಷ್ಟು ದಿನ ಹಾಲು ಡೈರಿಗೆ ಹಾಕಬಾರದು, ಒಂದು ಮಾತೂ ಇಲ್ಲ. ಅದರಲ್ಲಿ ವ್ಯಾಂಕೋಮೈಸಿನ್, ಲಿನೆಝೋಲಿಡ್, ಇಮಿಪೆನೆಮ್ ಅಂತ ಇದ್ದವು, ಮೂರಕ್ಕೂ ಎಸ್. ನನ್ನ ಭಾವನ ಮಗ ಓದಿ, "ಇವು ಮೂರಕ್ಕೂ ಹೋಗುತ್ತಂತೆ, ಇದನ್ನೇ ತರಿಸೋಣ" ಅಂದ. ಡಾಕ್ಟ್ರಿಗೆ ತೋರಿಸಿದಾಗ ಅವರು ಪೆನ್ ತಗೊಂಡು ಮೂರಕ್ಕೂ ಗೀಟು ಎಳೆದರು. "ಇವು ಐಸಿಯುನಲ್ಲಿ ಬೇರೇನೂ ತಾಗದಿದ್ದಾಗ ಮನುಷ್ಯರಿಗೆ ಕೊಡೋವು ಅಮ್ಮ. ಹಸುವಿಗೆ ಮುಟ್ಟಂಗಿಲ್ಲ. ಇದನ್ನ ರಿಪೋರ್ಟಲ್ಲಿ ಬರೆಯೋದೇ ತಪ್ಪು" ಅಂದ್ರು. ಮನುಷ್ಯರ ಲ್ಯಾಬಿಗೆ ಬರೋ ಬಿಲ್ಲೆಗಳ ಸೆಟ್ಟನ್ನೇ ತಂದು ಹಸುವಿನ ಹಾಲಿಗೂ ಇಟ್ಟುಬಿಡ್ತಾರಂತೆ. ಕೊಡಲೇಬಾರದ ಔಷಧಿಯ ಎದುರು ಎಸ್ ಅಂತ ಬರೆದು ರೈತನ ಕೈಗೆ ಕೊಟ್ಟರೆ ಅವನು ಮೆಡಿಕಲ್ ಸ್ಟೋರಿಗೇ ಹೋಗೋದು. ರೆಸಿಸ್ಟೆನ್ಸ್ ತಡೆಯೋಕೆ ಇರೋ ಟೆಸ್ಟು ಅದನ್ನ ಬೆಳೆಸೋಕೆ ದಾರಿ ತೋರಿಸಿದ ಹಾಗಾಗುತ್ತೆ.

ಇನ್ನೊಂದು ಕಡೆ, ನಮಗೆ ನಿಜವಾಗಿ ಬೇಕಾದ ಕ್ಲಾಕ್ಸಾಸಿಲಿನ್ ಪಟ್ಟಿಯಲ್ಲೇ ಇರಲಿಲ್ಲ. ಮೊಲೆಯೊಳಗೆ ಏರಿಸೋ ಟ್ಯೂಬುಗಳಲ್ಲಿ ಬಹಳ ಹಿಂದಿನಿಂದ ಬಳಕೆಯಲ್ಲಿರೋದು ಅದು. "ಸೆಫಾಕ್ಸಿಟಿನ್ ಎಸ್ ಇದೆಯಲ್ಲ, ಅಂದ್ರೆ ಇದು ಎಮ್‌ಆರ್‌ಎಸ್‌ಎ ಅಲ್ಲ, ಕ್ಲಾಕ್ಸಾಸಿಲಿನ್ನೂ ತಾಗುತ್ತೆ" ಅಂತ ಡಾಕ್ಟ್ರು ಅದರಿಂದ ಇದನ್ನ ತಿಳಕೊಂಡರು. ಎಮ್‌ಆರ್‌ಎಸ್‌ಎ ಅಂದ್ರೆ ಕ್ಲಾಕ್ಸಾಸಿಲಿನ್ನಂಥ ಔಷಧಿಗೂ ಬಗ್ಗದ ಸ್ಟ್ಯಾಫಿಲೋಕಾಕಸ್. ಅಂದ್ರೆ ಸೆಫಾಕ್ಸಿಟಿನ್ನನ್ನ ಅಲ್ಲಿ ಇಟ್ಟಿರೋದು ಕೊಡೋಕಲ್ಲ, ಬೇರೆ ಔಷಧಿಗಳ ಗುಟ್ಟು ತಿಳಿಯೋಕೆ. ಇದು ನನಗೆ ನಿಮಗೆ ಹೇಗೆ ಗೊತ್ತಾಗಬೇಕು? ಅದಕ್ಕೇ ಮೇಲೆ ಬರೆದಿದ್ದು, ಒಬ್ಬರೇ ಓದಬೇಡಿ ಅಂತ.

ಟೆಸ್ಟ್ ಮಾಡಿಸಿದ ಮೇಲೆ ಗೌರಿ ವಾಸಿ ಆದಳಾ ಅಂತ ಕೇಳ್ತೀರಿ. ಪೂರ್ತಿ ಇಲ್ಲ. ತಟ್ಟೆಯಲ್ಲಿ ಎಸ್ ಬಂದ ಔಷಧಿ ಕೆಚ್ಚಲಲ್ಲೂ ಗೆಲ್ಲಬೇಕು ಅಂತಿಲ್ಲ. ಈ ಸ್ಟ್ಯಾಫಿಲೋಕಾಕಸ್ ಹಳೇದಾದರೆ ಕೆಚ್ಚಲ ಮಾಂಸದೊಳಗೆ ಗಂಟು ಕಟ್ಟಿಕೊಂಡು, ಜೀವಕೋಶದ ಒಳಗೂ ಸೇರಿಕೊಂಡು ಕೂತಿರುತ್ತೆ, ಔಷಧಿ ಅಲ್ಲಿಗೆ ತಲುಪೋದೇ ಕಷ್ಟ. ಹೊರದೇಶದಲ್ಲಾದರೆ ಇಂಥ ಹಸುವನ್ನ ಹಿಂಡಿನಿಂದ ತೆಗೆದುಬಿಡಿ ಅಂತ ಸಲಹೆ ಕೊಡ್ತಾರಂತೆ. ನಮ್ಮಲ್ಲಿ ತೆಗೆದು ಎಲ್ಲಿಗೆ ಕಳಿಸೋಣ, ಯಾರು ಕೊಳ್ತಾರೆ, ಆ ಮಾತು ಬೇಡ. ಡಾಕ್ಟ್ರು ಹಾಲು ಬತ್ತಿಸೋ ಹೊತ್ತಲ್ಲಿ ಆ ಮೊಲೆಗೆ ಟ್ಯೂಬ್ ಏರಿಸಿದರು. ಅಲ್ಲಿವರೆಗೆ ಅವಳನ್ನ ಎಲ್ಲರಿಗಿಂತ ಕೊನೆಗೆ ಕರೆಯೋದು, ಕರೆದ ಮೇಲೆ ಮೊಲೆಗಳನ್ನ ಅಯೋಡಿನ್ ದ್ರಾವಣದಲ್ಲಿ ಅದ್ದೋದು, ಕರೆದ ತಕ್ಷಣ ಮೇವು ಹಾಕಿ ಅರ್ಧ ಗಂಟೆ ಮಲಗದಂತೆ ನಿಲ್ಲಿಸೋದು ಮಾಡಿಕೊಂಡು ಬಂದ್ವಿ. ಕರೆದ ಮೇಲೆ ಮೊಲೆಯ ಬಾಯಿ ಮುಚ್ಚೋಕೆ ಅಷ್ಟು ಹೊತ್ತು ಬೇಕು, ಅಷ್ಟರಲ್ಲಿ ಸಗಣಿ ಗಂಜಲದಲ್ಲಿ ಮಲಗಿದರೆ ಬಾಗಿಲು ತೆರೆದಿಟ್ಟ ಹಾಗೆ. ಬೇರೆ ಮೂರು ಹಸುವಿಗೆ ಆ ಕಾಯಿಲೆ ದಾಟಲಿಲ್ಲ. ಟೆಸ್ಟಿನ ಲಾಭ ಅಂದ್ರೆ ನನ್ನ ಪ್ರಕಾರ ಅದು. ಗೌರಿಯದ್ದು ಅಂಟುಜಾಡ್ಯ, ಕರೆಯೋ ಕೈಯಿಂದಲೇ ಹರಡೋದು ಅಂತ ಹೆಸರು ಹಿಡಿದು ಹೇಳಿತು.

ನಮ್ಮ ಇನ್ನೊಂದು ಹಸು ಚುಕ್ಕಿಯದ್ದು ಬೇರೆ ಕಥೆ. ಮಳೆಗಾಲದಲ್ಲಿ ಒಂದು ಸಂಜೆ ಕೆಚ್ಚಲು ಕಲ್ಲಾಯ್ತು, ಹಾಲಿನ ಬದಲು ಹಳದಿ ನೀರು. ಮೈ ಬಿಸಿ ಇತ್ತು, ಆದರೆ ಮೇವು ಬಿಟ್ಟಿರಲಿಲ್ಲ, ಮೆಲುಕು ಹಾಕ್ತಿದ್ದಳು. ಮನೆಯವರು ಆಗಲೇ ಬೈಕ್ ಹತ್ತಿದ್ದರು, ಪೇಟೆಗೆ ಹೋಗಿ ಆ ಸೆಫ್ಟ್ರಿಯಾಕ್ಸೋನ್ ತರೋಕೆ. ಡಾಕ್ಟ್ರು ಫೋನಲ್ಲೇ ತಡೆದು, ಮೊದಲು ಬಾಟಲಿ ತುಂಬಿಸಿದರು. ಬಂದು ನೋವು ಉರಿಯ ಇಂಜೆಕ್ಷನ್ ಕೊಟ್ಟರು, ಡ್ರಿಪ್ ಹಾಕಿದರು, ಪದೇ ಪದೇ ಹಿಂಡಿ ತೆಗೀರಿ ಅಂದರು. "ಮೇವು ಬಿಟ್ಟರೆ, ಎದ್ದೇಳದಿದ್ದರೆ ರಾತ್ರಿ ಎಷ್ಟೊತ್ತಾದರೂ ಫೋನ್ ಮಾಡಿ, ಆಗ ರಿಪೋರ್ಟಿಗೆ ಕಾಯಲ್ಲ" ಅಂತಲೂ ಹೇಳಿದರು. ಈ ಮಾತು ಮುಖ್ಯ, ಯಾರೂ ಇದನ್ನ ಓದಿ ಸಾಯೋ ಹಸುವಿನ ಮುಂದೆ ಲ್ಯಾಬ್ ರಿಪೋರ್ಟಿಗೆ ಕಾದು ಕೂರಬೇಡಿ.

ರಿಪೋರ್ಟಲ್ಲಿ ಬಂದದ್ದು ಇ. ಕೋಲೈ, ಸಗಣಿಯಲ್ಲಿರೋ ಬ್ಯಾಕ್ಟೀರಿಯಾ. ಸೆಫೊಟ್ಯಾಕ್ಸಿಮ್ ಆರ್, ಸೆಫ್ಟಾಜಿಡಿಮ್ ಆರ್, ಸೆಫ್ಟ್ರಿಯಾಕ್ಸೋನ್ ಆರ್, ಎನ್ರೋಫ್ಲಾಕ್ಸಸಿನ್ ಆರ್. ಕೆಳಗೆ ಕೈಬರಹದಲ್ಲಿ "ಇಎಸ್‌ಬಿಎಲ್" ಅಂತ. ಬರೀ ಸೆಫ್ಟಾಜಿಡಿಮ್ ಇದ್ದ ಬಿಲ್ಲೆಗೂ, ಅದೇ ಔಷಧಿಗೆ ಕ್ಲಾವುಲಾನಿಕ್ ಆಸಿಡ್ ಸೇರಿಸಿದ ಬಿಲ್ಲೆಗೂ ಬಯಲಿನ ಅಗಲ 5 ಮಿಲಿಮೀಟರ್ ಅಥವಾ ಅದಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಹಾಗೆ ಬರೀತಾರೆ. ಈ ಬ್ಯಾಕ್ಟೀರಿಯಾ ಔಷಧಿಯನ್ನೇ ಕತ್ತರಿಸಿ ಹಾಕೋ ಕಿಣ್ವ ತಯಾರು ಮಾಡಿಕೊಳ್ಳುತ್ತೆ, ಇಎಸ್‌ಬಿಎಲ್ ಅಂದ್ರೆ ಆ ಕಿಣ್ವ, ಕ್ಲಾವುಲಾನಿಕ್ ಆಸಿಡ್ ಆ ಕಿಣ್ವದ ಬಾಯಿ ಕಟ್ಟುತ್ತೆ. ಅಂದ್ರೆ ಆವತ್ತು ಮನೆಯವರು ಪೇಟೆಯಿಂದ ತಂದು ಚುಚ್ಚಿದ್ದರೂ ಅದು ಆ ಬ್ಯಾಕ್ಟೀರಿಯಾಗೆ ನೀರು. ಚುಕ್ಕಿ ರಿಪೋರ್ಟ್ ಬರೋಷ್ಟರಲ್ಲೇ ಸುಧಾರಿಸಿದ್ದಳು, ಆಂಟಿಬಯಾಟಿಕ್ ಒಂದು ಹನಿಯೂ ಇಲ್ಲದೆ. ಇ. ಕೋಲೈ ಬಾವಲ್ಲಿ ಹಸುವನ್ನ ಕೆಡವೋದು ಬ್ಯಾಕ್ಟೀರಿಯಾ ಸತ್ತಾಗ ಒಡೆದು ಬರೋ ವಿಷ, ಹಾಲು ನೀರಾಗೋ ಹೊತ್ತಿಗೆ ಹಸುವಿನ ಮೈಯೇ ಅರ್ಧ ಬ್ಯಾಕ್ಟೀರಿಯಾನ ಕೊಂದಿರುತ್ತೆ, ಸೌಮ್ಯವಾಗಿದ್ದರೆ ಎಷ್ಟೋ ಸಲ ತಾನೇ ಹೋಗುತ್ತೆ ಅಂತ ಡಾಕ್ಟ್ರು ವಿವರಿಸಿದರು. ಇಂಜೆಕ್ಷನ್ ಹಾಕಿಸಿದ್ದಿದ್ರೆ ಆ ಇಂಜೆಕ್ಷನ್ನಿಂದಲೇ ವಾಸಿ ಆಯ್ತು ಅಂತ ಊರೆಲ್ಲ ಹೇಳಿಕೊಂಡು ಬರ್ತಿದ್ವಿ, ಇನ್ನೂ ನಾಲ್ಕು ಮನೆಯವರು ಅದನ್ನೇ ತರಿಸ್ತಿದ್ದರು.

ಈ ರೆಸಿಸ್ಟೆನ್ಸ್ ಬರೀ ಹಸುವಿನ ಕಷ್ಟ ಅಲ್ಲ. ಇಎಸ್‌ಬಿಎಲ್ ತಯಾರಿಸೋ ಜೀನ್ ಎಷ್ಟೋ ಸಲ ಬ್ಯಾಕ್ಟೀರಿಯಾದ ಒಳಗೆ ಪ್ಲಾಸ್ಮಿಡ್ ಅನ್ನೋ ಸಣ್ಣ ಉಂಗುರದಲ್ಲಿರುತ್ತೆ, ಒಂದು ಬ್ಯಾಕ್ಟೀರಿಯಾ ಅದನ್ನ ನಕಲು ಮಾಡಿ ಇನ್ನೊಂದಕ್ಕೆ, ಬೇರೆ ಜಾತಿಯದಕ್ಕೂ, ದಾಟಿಸಬಲ್ಲದು. ಸಗಣಿ ಬಾಚೋದು, ಗೊಬ್ಬರ ಹೊರೋದು, ಕೆಚ್ಚಲು ತೊಳೆಯೋದು ನಾವು ಹೆಂಗಸರೇ. ಅದೇ ಕೈಯಲ್ಲಿ ಮನೆಗೆ ಬಂದು ಮುದ್ದೆ ಕಟ್ಟೋದು. ಸೋಪು ಹಾಕಿ ತೊಳೆಯೋಕೆ ಕೊಟ್ಟಿಗೆ ಬಾಗಿಲಲ್ಲೇ ನಲ್ಲಿ ಹಾಕಿಸಿ ಅಂತ ಡಾಕ್ಟ್ರು ಹೇಳಿದ್ದು ಈ ರಿಪೋರ್ಟ್ ಬಂದ ಮೇಲೆ. 2015ರಲ್ಲಿ ಚೀನಾದವರು ಹಂದಿ, ಮಾಂಸ, ಆಸ್ಪತ್ರೆಯ ರೋಗಿಗಳು ಮೂರೂ ಕಡೆಯ ಇ. ಕೋಲೈನಲ್ಲಿ ಎಮ್‌ಸಿಆರ್-1 ಅನ್ನೋ ಜೀನ್ ಕಂಡುಹಿಡಿದರು. ಐಸಿಯುನಲ್ಲಿ ಕೊನೆಯ ಅಸ್ತ್ರ ಅಂತ ಇಟ್ಟುಕೊಂಡಿದ್ದ ಕೊಲಿಸ್ಟಿನ್ನನ್ನ ಅದು ಕೆಲಸಕ್ಕೆ ಬಾರದ ಹಾಗೆ ಮಾಡುತ್ತೆ. ಆ ಔಷಧಿಯನ್ನ ಕೋಳಿ ಬೇಗ ದಪ್ಪ ಆಗಲಿ ಅಂತ ಆಹಾರಕ್ಕೆ ಬೆರೆಸ್ತಿದ್ದರು. ನಮ್ಮ ದೇಶದಲ್ಲಿ 2019ರಲ್ಲಿ ಕೋಳಿ, ಮೀನು, ದನ ಎಲ್ಲಕ್ಕೂ ಅದನ್ನ ನಿಷೇಧ ಮಾಡಿದರು. ಸೆಫ್ಟ್ರಿಯಾಕ್ಸೋನ್ ಗುಂಪಿನ ಔಷಧಿಗಳನ್ನೂ ವಿಶ್ವ ಆರೋಗ್ಯ ಸಂಸ್ಥೆ ಮನುಷ್ಯರಿಗೆ ಅತ್ಯಂತ ಮುಖ್ಯವಾದವುಗಳ ಪಟ್ಟಿಯ ಮೇಲ್ತುದಿಯಲ್ಲಿ ಇಟ್ಟಿದೆ. ಪೇಟೆಯಲ್ಲಿ ಮಾತ್ರ ಡಾಕ್ಟ್ರ ಚೀಟಿ ಕೇಳೋರು ಯಾರೂ ಇಲ್ಲ.

"ನಾವು ಹಾಲು ಕಾಯಿಸಿ ಕುಡೀತೀವಿ, ಏನಾಗುತ್ತೆ?" ಅಂತ ನಮ್ಮ ಸಂಘದ ಮೀಟಿಂಗಲ್ಲಿ ಒಬ್ಬರು ಕೇಳಿದರು. ಅರ್ಧ ಸರಿ. ಕಾಯಿಸಿದರೆ, ಪಾಶ್ಚರೀಕರಣ ಮಾಡಿದರೆ ಈ ಬ್ಯಾಕ್ಟೀರಿಯಾ ಸಾಯುತ್ತೆ, ರೆಸಿಸ್ಟೆನ್ಸ್ ಇದ್ದರೂ ಬಿಸಿಗೆ ಅದೇನೂ ಗಟ್ಟಿ ಅಲ್ಲ. ಆದರೆ ಹಾಲಲ್ಲಿ ಉಳಿದ ಔಷಧಿಯ ಅಂಶ ಕಾಯಿಸಿದರೂ ಬಹುಮಟ್ಟಿಗೆ ಹಾಗೇ ಇರುತ್ತೆ. ಇದನ್ನ ನೋಡೋಕೆ ಲ್ಯಾಬ್ ಬೇಡ, ಪೆನ್ಸಿಲಿನ್ ಕೊಟ್ಟ ಹಸುವಿನ ಹಾಲಿಗೆ ಹೆಪ್ಪು ಹಾಕಿ ನೋಡಿ. ಬೆಳಿಗ್ಗೆಗೆ ಮೊಸರಾಗಿರಲ್ಲ, ಹಾಲು ಹಾಲಾಗೇ ಇರುತ್ತೆ ಇಲ್ಲಾ ಲೋಳೆ ಆಗಿರುತ್ತೆ, ಯಾಕಂದ್ರೆ ಮೊಸರು ಮಾಡೋದೂ ಬ್ಯಾಕ್ಟೀರಿಯಾನೇ. 2018ರಲ್ಲಿ ಆಹಾರದ ಗುಣಮಟ್ಟ ನೋಡೋ ಕೇಂದ್ರ ಸರ್ಕಾರದ ಸಂಸ್ಥೆ ಎಫ್‌ಎಸ್‌ಎಸ್‌ಎಐನವರು ದೇಶದಲ್ಲೆಲ್ಲ 6,432 ಹಾಲಿನ ಸ್ಯಾಂಪಲ್ ತೆಗೆದಾಗ 77ರಲ್ಲಿ ಮಿತಿ ಮೀರಿ ಆಂಟಿಬಯಾಟಿಕ್ ಸಿಕ್ಕಿತ್ತು. ಕಡಿಮೆ ಅನ್ನಿಸಬಹುದು. ಒಂದು ಹಸುವಿನ ಹಾಲು ಇಡೀ ಊರಿನ ಟ್ಯಾಂಕಿಗೆ ಬಿದ್ದು ತೆಳುವಾಗುತ್ತೆ ಅನ್ನೋದನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳಿ.

ಔಷಧಿ ಕೊಟ್ಟ ಮೇಲೆ ಎಷ್ಟು ದಿನ ಹಾಲು ಹಾಕಬಾರದು ಅನ್ನೋದು ಡಬ್ಬಿಯ ಮೇಲೆ ಇರಬೇಕು ಅಂತ 2012ರಿಂದ ನಿಯಮ ಇದೆ. ಕಂಪನಿ ತಾನೇ ಅವಧಿ ಹೇಳಿಲ್ಲ ಅಂದ್ರೆ ಹಾಲಿಗೂ ಮೊಟ್ಟೆಗೂ ಕನಿಷ್ಠ 7 ದಿನ, ಮಾಂಸಕ್ಕೆ 28 ದಿನ. ಅಕ್ಷರ ಇರುವೆ ಗಾತ್ರದ್ದು. ಏಳು ದಿನ ಒಂದು ಹಸುವಿನ ಹಾಲು ಚೆಲ್ಲೋದು ಅಂದ್ರೆ ನಮ್ಮಂಥವರಿಗೆ ಬಟವಾಡೆಯಲ್ಲಿ ದೊಡ್ಡ ತೂತು. ಎಲ್ಲರೂ ಚೆಲ್ಲುತ್ತಾರೆ ಅಂತ ನಾನು ಸುಳ್ಳು ಹೇಳಲ್ಲ. ಚೆಲ್ಲೋಕೆ ಮನಸ್ಸಾಗದೆ ಕರುವಿಗೆ ಕುಡಿಸೋರೂ ಇದ್ದಾರೆ, ಅದು ಇನ್ನೂ ಕೆಟ್ಟದ್ದು. ಆ ಹಾಲು ಕುಡಿದ ಕರುವಿನ ಹೊಟ್ಟೆಯಲ್ಲಿ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾನೇ ಉಳಿದು ಬೆಳೆದು, ಅದರ ಸಗಣಿಯಲ್ಲಿ ಮತ್ತೆ ಕೊಟ್ಟಿಗೆಗೆ ಬರುತ್ತೆ. ಇಲ್ಲಿ ಟೆಸ್ಟಿನ ದುಡ್ಡಿನ ಲೆಕ್ಕ ಸರಿಹೋಗುತ್ತೆ. ಚುಕ್ಕಿಗೆ ಆಂಟಿಬಯಾಟಿಕ್ ಹಾಕದೇ ಇದ್ದದ್ದರಿಂದ ಹಾಲು ಸರಿಯಾದ ಮರುದಿನವೇ ಡೈರಿಗೆ ಹೋಯ್ತು. ಆ ಒಂದು ವಾರದ ಹಾಲಿನ ಮುಂದೆ ಲ್ಯಾಬಿನ ಫೀಸು ಯಾವ ಲೆಕ್ಕ.

ಲ್ಯಾಬಿನ ಮೇಲೆ ಇನ್ನೂ ಎರಡು ದೂರಿದೆ. ಒಂದು, ತಡ. ಎರಡು ಮೂರು ದಿನ ಬೇಕೇ ಬೇಕು, ಬ್ಯಾಕ್ಟೀರಿಯಾ ಬೆಳೆಯೋಕೆ ಒಂದು ದಿನ, ಬಿಲ್ಲೆ ಇಟ್ಟು ನೋಡೋಕೆ ಇನ್ನೊಂದು, ಅದಕ್ಕೆ ಯಾರನ್ನೂ ಬೈಯೋಹಾಗಿಲ್ಲ. ಆದರೆ ಮೊದಲ ದಿನವೇ "ಬೆಳೆದಿದೆ, ಇಂಥ ಜಾತಿಯದು" ಅಂತ ಡಾಕ್ಟ್ರಿಗೆ ಒಂದು ಮೆಸೇಜ್ ಹಾಕಬಹುದು. ಅವರಿಗೆ ಅಷ್ಟು ಗೊತ್ತಾದರೂ ಅರ್ಧ ತೀರ್ಮಾನ ಆಗುತ್ತೆ. ನಾವೇ ಫೋನ್ ಮಾಡಿ ಮಾಡಿ ಕೇಳಬೇಕು. ಇನ್ನೊಂದು, ನಮ್ಮ ಓರಗಿತ್ತಿಯ ಹಸುವಿನ ಸ್ಯಾಂಪಲ್ಲಿಗೆ "ಮಿಶ್ರ ಬೆಳವಣಿಗೆ" ಅಂತ ಬರೆದು ಪೂರ್ತಿ ದುಡ್ಡು ತಗೊಂಡರು. ಅಂದ್ರೆ ಬಾಟಲಿಗೆ ಕೊಳೆ ಸೇರಿದೆ ಅಂತ ಅರ್ಥ. ತೆಗೆಯೋ ವಿಧಾನವನ್ನ ಕನ್ನಡದಲ್ಲಿ ಹೇಳಿಕೊಡದೆ ಕೆಟ್ಟ ಸ್ಯಾಂಪಲ್ಲಿಗೂ ಫೀಸ್ ಹಾಕೋದು ನ್ಯಾಯ ಅಲ್ಲ. "ಏನೂ ಬೆಳೆದಿಲ್ಲ" ಅಂತ ಬರೋದೂ ಸಾಮಾನ್ಯ, ಅದನ್ನ ನೋಡಿ ದುಡ್ಡು ದಂಡ ಆಯ್ತು ಅಂದುಕೊಳ್ಳಬೇಡಿ. ಹಸುವಿನ ಮೈ ತಾನೇ ಬ್ಯಾಕ್ಟೀರಿಯಾ ಮುಗಿಸಿದಾಗಲೂ ಹಾಗೆ ಬರುತ್ತೆ, ಆಗ ಇಂಜೆಕ್ಷನ್ ಬೇಕಾ ಬೇಡವಾ ಅಂತ ಡಾಕ್ಟ್ರು ಹಸುವನ್ನ ನೋಡಿ ಹೇಳ್ತಾರೆ.

ಇದಕ್ಕೆ ಬದಲು ಏನಿದೆ? ಬೆಂಗಳೂರಿನ ಹೆಬ್ಬಾಳದಲ್ಲಿ ಪಶುವೈದ್ಯ ಕಾಲೇಜು, ಸರ್ಕಾರದ ಪಶು ಆರೋಗ್ಯ ಸಂಸ್ಥೆ ಇವೆ, ಹತ್ತಿರದವರು ಅಲ್ಲಿ ವಿಚಾರಿಸಬಹುದು, ನಮಗೆ ದೂರ. ಮನೆಯಲ್ಲೇ ಮಾಡೋ ಸಿಎಂಟಿ ಅಂತ ಒಂದಿದೆ, ನಾಲ್ಕು ಬಟ್ಟಲಿನ ಒಂದು ಪ್ಲಾಸ್ಟಿಕ್ ತಟ್ಟೆ, ಒಂದು ಬಾಟಲಿ ನೇರಳೆ ದ್ರಾವಣ. ಹಾಲಿಗೆ ಅಷ್ಟೇ ದ್ರಾವಣ ಸುರಿದು ಆಡಿಸಿದರೆ ಬಾವಿದ್ದ ಮೊಲೆಯ ಹಾಲು ಲೋಳೆ ಕಟ್ಟುತ್ತೆ. ಕಣ್ಣಿಗೆ ಕಾಣದ ಬಾವು ಹಿಡಿಯೋಕೆ ತುಂಬಾ ಒಳ್ಳೇದು, ನಾವೂ ತರಿಸಿಟ್ಟಿದ್ದೀವಿ. ಆದರೆ ಯಾವ ಬ್ಯಾಕ್ಟೀರಿಯಾ, ಯಾವ ಔಷಧಿ ಅಂತ ಅದು ಹೇಳಲ್ಲ. ಲೋಳೆಸರ 250 ಗ್ರಾಂ, ಅರಿಶಿನ 50 ಗ್ರಾಂ, ಸುಣ್ಣ 15 ಗ್ರಾಂ ರುಬ್ಬಿ ಕೆಚ್ಚಲಿಗೆ ಪದೇ ಪದೇ ಹಚ್ಚೋ ಲೇಪ, ಅದು ರಾಷ್ಟ್ರೀಯ ಡೈರಿ ಅಭಿವೃದ್ಧಿ ಮಂಡಳಿ ಎನ್‌ಡಿಡಿಬಿಯವರು ಪ್ರಚಾರ ಮಾಡ್ತಿರೋದು. ಶುರುವಿನ ಬಾವಿಗೆ ನಮ್ಮತ್ತೆ ಈಗ ಅದನ್ನೇ ಹಚ್ಚೋದು, ಇಳಿದದ್ದೂ ಇದೆ. ಗೌರಿಯ ಹಳೇ ಗಂಟಿಗೆ ಅದು ಸಾಕಾಗಲಿಲ್ಲ.

ನಾನಾದರೆ ಹೀಗೆ ಹೇಳ್ತೀನಿ. ಬಾವು ಒಂದೇ ಹಸುವಿಗೆ ಮತ್ತೆ ಮತ್ತೆ ಬರ್ತಿದ್ದರೆ, ಅಥವಾ ಕೊಟ್ಟಿಗೆಯಲ್ಲಿ ಒಂದಾದ ಮೇಲೊಂದಕ್ಕೆ ಬರ್ತಿದ್ದರೆ ಕಣ್ಣು ಮುಚ್ಚಿ ಈ ಟೆಸ್ಟ್ ಮಾಡಿಸಿ. ಐದಕ್ಕೆ ಮೂರೂವರೆ ಕೊಡ್ತೀನಿ. ಕನ್ನಡದ ಚೀಟಿ, ತಟ್ಟೆಯ ಫೋಟೋ, ಹಸುವಿಗೆ ಕೊಡಬಾರದ ಔಷಧಿಗಳನ್ನ ರೈತರ ಪ್ರತಿಯಿಂದ ತೆಗೆಯೋದು, ಇಷ್ಟು ಮಾಡಿದರೆ ಬಾಕಿಯನ್ನೂ ಕೊಡ್ತೀನಿ. ಫಾರಂನಲ್ಲಿ ಹಸುವಿಗೆ ಈ ಮುಂಚೆ ಏನೇನು ಇಂಜೆಕ್ಷನ್ ಆಗಿದೆ ಅಂತ ಕೇಳೋ ಜಾಗ ಇದೆ, ಖಾಲಿ ಬಿಡಬೇಡಿ, ಹೆಸರು ಗೊತ್ತಿಲ್ಲದಿದ್ದರೆ ಹಳೇ ಡಬ್ಬಿಯನ್ನೇ ಜೊತೆಗೆ ಕಳಿಸಿ. ಶನಿವಾರ ಮಾತ್ರ ಸ್ಯಾಂಪಲ್ ಕಳಿಸಬೇಡಿ. ಭಾನುವಾರ ಅಲ್ಲಿ ತಟ್ಟೆ ನೋಡೋರು ಇರಲ್ಲ.